ಹಳ್ಳಿ ಕಡೆ ಗುಂಪು ಕರ್ಕೊಂಡು ಹೋಗೋಕೆ ಮಿನಿಬಸ್ ಮಾಡಿಸಿದ ಅನುಭವ

ಮೂವತ್ತು ಚಿಲ್ಲರೆ ಜನಕ್ಕೆ ಗಾಡಿ ಮಾಡ್ಸೋದು ಅಂದ್ರೆ ಏನ್ ಮಹಾ, ನಾಲ್ಕು ಕಡೆ ಫೋನ್ ಮಾಡಿ ರೇಟ್ ಕೇಳಿ ಕಮ್ಮಿ ಹೇಳಿದವರಿಗೆ ಅಡ್ವಾನ್ಸ್ ಕೊಡೋದು ಅಷ್ಟೆ ಅಂತ ನಮ್ ಗುಂಪಲ್ಲಿ ಸುಮಾರು ಜನ ಹೇಳ್ತಿದ್ರು. ಒಂದು ಸಿಟಿಯಿಂದ ಇನ್ನೊಂದು ಸಿಟಿಗೆ ಹೋಗೋದಾದ್ರೆ ಅಷ್ಟೇನೇ, ಅದ್ರಲ್ಲಿ ಬೇರೇನಿಲ್ಲ. ಆದ್ರೆ ನಮಗೆ ಹೋಗ್ಬೇಕಿದ್ದಿದ್ದು ಹೈವೇ ಬಿಟ್ಟು ಒಳಗೆ, ಅಲ್ಲಿಂದ ಇನ್ನೂ ಒಳಗೆ, ಕೊನೇಲಿ ಒಂದೇ ಗಾಡಿ ಹೋಗೋಷ್ಟು ಅಗಲದ ರಸ್ತೇಲಿ ಸಿಗೋ ಒಂದು ಚಿಕ್ಕ ಹಳ್ಳಿಗೆ. ಬೆಟ್ಟ, ಕೆರೆ, ಹೊಲ ಸುತ್ತಾಡೋ ಗುಂಪು ನಮ್ದು, ಇಪ್ಪತ್ತರ ಹುಡುಗ್ರಿಂದ ಎಪ್ಪತ್ತು ದಾಟಿದವರ ತನಕ ಎಲ್ರೂ ಇದ್ದಾರೆ, ಗಾಡಿ ನೋಡ್ಕೊಳೋ ಜವಾಬ್ದಾರಿ ನನ್ನ ತಲೆ ಮೇಲೆ ಬಿತ್ತು.

ಮೊದಲು ಫೋನ್ ಮಾಡಿದ ಟ್ರಾವೆಲ್ಸ್‌ನವರು ಎರಡೇ ಪ್ರಶ್ನೆ ಕೇಳಿದ್ರು, ಎಷ್ಟು ಜನ, ಯಾವ ತಾರೀಕು. ಹೇಳಿದ ತಕ್ಷಣ "ದೊಡ್ಡ ಬಸ್ಸಿದೆ ಮೇಡಂ, ಪುಷ್‌ಬ್ಯಾಕ್ ಸೀಟು, ಏಸಿ, ಎಲ್ಲಾ ಇದೆ, ಕನ್ಫರ್ಮ್ ಮಾಡ್ಲಾ" ಅಂದ್ರು. ಎಲ್ಲಿಗೆ ಅನ್ನೋದು ಕೂಡ ನಾನೇ ಹೇಳ್ಬೇಕಾಯ್ತು. "ರಸ್ತೆ ಸ್ವಲ್ಪ ಚಿಕ್ಕದು" ಅಂದೆ, "ನಮ್ ಡ್ರೈವರ್‌ಗಳು ಎಲ್ಲಿ ಬೇಕಾದ್ರೂ ಹಾಕ್ತಾರೆ" ಅಂದ್ರು. ಈ ಮಾತು ಕೇಳಿದ್ರೆ ನಂಗೆ ಧೈರ್ಯ ಬರೋ ಬದ್ಲು ಭಯ ಆಗತ್ತೆ. ಹನ್ನೆರಡು ಮೀಟರ್ ಉದ್ದದ ಬಸ್ಸನ್ನ ಎಲ್ಲಿ ಬೇಕಾದ್ರೂ ಹಾಕೋಕಾಗಲ್ಲ, ಡ್ರೈವರ್ ಎಷ್ಟೇ ಜಾಣ ಆಗಿರ್ಲಿ.

ಆಮೇಲೆ ಪರಿಚಯದವರೊಬ್ರು ಇನ್ನೊಬ್ರ ನಂಬರ್ ಕೊಟ್ರು. ಎರಡು ಮಿನಿಬಸ್ ಇಟ್ಕೊಂಡಿರೋ ಓನರ್ ಕಮ್ ಡ್ರೈವರ್, ಒಂದನ್ನ ತಾನೇ ಓಡಿಸ್ತಾರೆ, ಇನ್ನೊಂದಕ್ಕೆ ಅವರ ತಮ್ಮ. ಇವರು ರೇಟ್ ಹೇಳೋಕೇ ಒಪ್ಲಿಲ್ಲ. ಪ್ರಶ್ನೆ ಮೇಲೆ ಪ್ರಶ್ನೆ. ಹೈವೇ ಬಿಟ್ಮೇಲೆ ಎಷ್ಟು ದೂರ, ಡಾಂಬರಾ ಮಣ್ಣಾ, ನಡುವೆ ಸೇತುವೆ ಇದ್ಯಾ ಇಲ್ಲಾ ನೀರು ಮೇಲೆ ಹರಿಯೋ ತರದ್ದಾ, ಕರೆಂಟ್ ವೈರ್ ಎಷ್ಟು ಎತ್ತರ, ಊರೊಳಗೆ ಗಾಡಿ ತಿರುಗಿಸೋಕೆ ಜಾಗ ಎಲ್ಲಿದೆ, ರಾತ್ರಿ ನಿಲ್ಸೋದೆಲ್ಲಿ, ವಯಸ್ಸಾದವರು ಎಷ್ಟು ಜನ, ಲಗೇಜ್ ಬ್ಯಾಕ್‌ಪ್ಯಾಕಾ ಸೂಟ್‌ಕೇಸಾ. ಅರ್ಧಕ್ಕರ್ಧ ಪ್ರಶ್ನೆಗೆ ನನ್ನತ್ರ ಉತ್ತರ ಇರ್ಲಿಲ್ಲ. "ಅದೆಲ್ಲ ತಿಳ್ಕೊಂಡು ಫೋನ್ ಮಾಡಿ ಮೇಡಂ, ಆಮೇಲೆ ರೇಟ್ ಮಾತಾಡೋಣ" ಅಂತ ಇಟ್ಬಿಟ್ರು. ನಮ್ ಗುಂಪಲ್ಲಿ ಒಬ್ರು "ಏನ್ ಇವನ್ದು ದೌಲತ್ತು" ಅಂದ್ರು. ನನಗೇನೋ ಅವತ್ತೇ ಅನ್ಸಿತ್ತು, ಗಾಡಿ ಇವರದ್ದೇ ಅಂತ.

ಸರಿ, ನಾನೂ ನನ್ನ ಫ್ರೆಂಡೂ ಒಂದು ಭಾನುವಾರ ಕಾರಲ್ಲಿ ಹೋಗಿ ರಸ್ತೆ ನೋಡ್ಕೊಂಡ್ ಬಂದ್ವಿ. ಹೋಗೋಕೆ ಮುಂಚೆ ಆ ಮಿನಿಬಸ್ ಓನರ್ ಫೋನಲ್ಲಿ ಒಂದು ಉಪಾಯ ಹೇಳ್ಕೊಟ್ಟಿದ್ರು, ಅದು ಇವತ್ತಿಗೂ ಯಾರ್ ಕೇಳಿದ್ರೂ ಹೇಳ್ತೀನಿ. ಎಲ್ಲಿ ರಸ್ತೆ ತೀರಾ ಇಕ್ಕಟ್ಟು ಅನ್ಸತ್ತೋ ಅಲ್ಲಿ ಕಾರ್ ನಿಲ್ಸಿ, ಎರಡೂ ಕಡೆ ಬಾಗ್ಲು ಪೂರ್ತಿ ತೆಗೆದು, ಹಿಂದಿನಿಂದ ಫೋಟೋ ತೆಗೀರಿ ಅಂತ. ಬಾಗ್ಲು ತೆಗೆದ ಕಾರು ಸುಮಾರು ಮೂರೂವರೆ ಮೀಟರ್ ಅಗಲ ಆಗತ್ತೆ. ದೊಡ್ಡ ಬಸ್ಸಿನ ಬಾಡಿನೇ ಎರಡೂವರೆ ಮೀಟರ್, ಯುರೋಪಲ್ಲಿ ಕಾನೂನು ಪ್ರಕಾರ ಮ್ಯಾಕ್ಸಿಮಮ್ 2.55 ಮೀಟರ್, ಅದ್ರ ಮೇಲೆ ಎರಡು ಕಿವಿ ತರ ಚಾಚ್ಕೊಂಡಿರೋ ಕನ್ನಡಿ ಸೇರಿಸಿದ್ರೆ ಮೂರು ಮೀಟರ್ ಹತ್ರ ಬರತ್ತೆ. ಬಾಗ್ಲು ಬೇಲಿಗೆ ತಾಗ್ತಿದೆ ಅಂದ್ರೆ ಅಲ್ಲಿಗೆ ದೊಡ್ಡ ಬಸ್ಸಿನ ಆಸೆ ಬಿಟ್ಬಿಡಿ ಅಂದ್ರು. ನಮ್ದು ಮೊದಲ್ನೇ ತಿರುವಲ್ಲೇ ತಾಗ್ತು. ಬಾಗ್ಲು ತೆಗೆದು ನಿಲ್ಸಿದ ಕಾರಿನ ಹಿಂದೆ ಒಬ್ರು ಸೈಕಲ್ಲಲ್ಲಿ ಬಂದು ಏನಾಯ್ತಮ್ಮಾ ಪಂಕ್ಚರ್ರಾ ಅಂತ ಕೇಳಿದ್ರು, ಇಲ್ಲ ರಸ್ತೆ ಅಳೀತಿದೀವಿ ಅಂದಿದ್ದಕ್ಕೆ ಅಗಲ ಮಾಡ್ತಾರಾ ಅಂತ ಖುಷಿಯಾಗ್ಬಿಟ್ರು, ಅವರಿಗೆ ಬಿಡಿಸಿ ಹೇಳೋದೇ ಒಂದು ಕೆಲ್ಸ ಆಯ್ತು.

ಅಲ್ಲಿಂದ ಮುಂದಕ್ಕೆ ಹೋದ್ರೆ ಹಳ್ಳದ ಮೇಲೊಂದು ಹಳೇ ಸೇತುವೆ, ಪಕ್ಕದಲ್ಲಿ ಬಣ್ಣ ಹೋದ ದುಂಡನೆ ಬೋರ್ಡು. ಸುತ್ತ ಕೆಂಪು ಬಳೆ, ನಡುವೆ ಹತ್ತು ಟನ್ ಅಂತ ಬರೆದಿತ್ತು. ಅದನ್ನೂ ಫೋಟೋ ತೆಗೆದು ಎಲ್ಲಾದ್ರ ಜೊತೆ ಕಳಿಸ್ದೆ. ಸ್ವಲ್ಪ ಹೊತ್ತಿಗೆ ಅವರದ್ದೇ ಫೋನ್ ಬಂತು. "ಆ ಸೇತುವೆ ಬೋರ್ಡಿನ ಫೋಟೋ ಇನ್ನೊಂದ್ಸಲ ಹತ್ರದಿಂದ ತೆಗೆದು ಕಳಿಸಿ." ಕಳಿಸ್ದೆ. "ಮೇಡಂ, ದೊಡ್ಡ ಬಸ್ಸು ಮರ್ತ್‌ಬಿಡಿ."

ಪಕ್ಕದಲ್ಲಿದ್ದ ನನ್ನ ಫ್ರೆಂಡು ಫೋನ್ ಕಿತ್ಕೊಂಡು ಕೇಳಿದ್ಳು, "ಅಣ್ಣಾ, ಎಲ್ರೂ ಇಳಿದು ನಡ್ಕೊಂಡು ದಾಟ್ತೀವಿ, ಖಾಲಿ ಬಸ್ಸು ಹೋಗ್ಲಿ, ಆಗಲ್ವಾ?"

ಅವರು ನಕ್ರು. "ನೀವ್ ಮೂವತ್ತು ಜನ ಇಳಿದ್ರೆ ಎರಡು ಟನ್ನು ಕಮ್ಮಿ ಆಗತ್ತಮ್ಮಾ, ಅಷ್ಟೆ. ಖಾಲಿ ಬಸ್ಸೇ ಹತ್ತು ಟನ್ ದಾಟಿರತ್ತೆ."

ಇದು ನಂಗೆ ಹೊಳೆದೇ ಇರ್ಲಿಲ್ಲ. ಜನ ತುಂಬಿದ್ರೆ ಬಸ್ಸು ಭಾರ ಅಂತ ನಾವ್ ಅಂದ್ಕೊತೀವಿ, ಆದ್ರೆ ಭಾರ ಇರೋದು ಇಂಜಿನ್ನು, ಚಾಸಿ, ಬಾಡಿ ಎಲ್ಲಾ ಸೇರಿ ಗಾಡೀಲೇ. ಎರಡು ಆಕ್ಸಲ್‌ನ ಬಸ್ಸಿಗೆ ಯುರೋಪಲ್ಲಿ ತುಂಬಿದ ತೂಕ 19.5 ಟನ್ ತನಕ ಬಿಡ್ತಾರೆ, ಅದ್ರಲ್ಲಿ ನಾವು ನಮ್ ಬ್ಯಾಗು ಎಲ್ಲಾ ಸೇರಿ ಒಂದು ಸಣ್ಣ ಪಾಲು. ಅವರ ಮಿನಿಬಸ್ಸು ಜನ ತುಂಬಿದ್ರೂ ಐದು ಟನ್ ಆಸುಪಾಸು, ಸೇತುವೆಗೆ ಅದು ಲೆಕ್ಕಕ್ಕೇ ಇಲ್ಲ.

ತಿರುಗಿಸೋ ಜಾಗದ ಕಥೆನೂ ಹಿಂಗೇ. ದೊಡ್ಡ ಬಸ್ಸಿಗೆ ಒಂದೇ ಏಟಿಗೆ ಪೂರ್ತಿ ಸುತ್ತು ಬರೋಕೆ ಇಪ್ಪತ್ತೈದು ಮೀಟರ್ ಹತ್ರ ಜಾಗ ಬೇಕು (ಯುರೋಪಿನ ರೂಲ್ಸಲ್ಲಿ ಹೊರಗಿನ ವೃತ್ತದ ತ್ರಿಜ್ಯ 12.5 ಮೀಟರ್ ದಾಟ್‌ಬಾರ್ದು ಅಂತ ಇದೆ, ಸರಿಯಾಗಿ ಅಷ್ಟೇ). ಆ ಹಳ್ಳೀಲಿ ಅಷ್ಟು ಜಾಗ ಇದ್ದಿದ್ದು ಸ್ಕೂಲ್ ಮೈದಾನ ಒಂದೇ, ಅದ್ರ ಗೇಟು ಕಾರಿಗೇ ಕಷ್ಟ. ತಿರುಗ್ಸೋಕಾಗ್ದೇ ಇದ್ರೆ ಬಂದ ದಾರಿಗೆ ರಿವರ್ಸೇ ಗತಿ. ಜೊತೆಗೆ ದೊಡ್ಡ ಬಸ್ಸಿಗೆ ಹಿಂದಿನ ಚಕ್ರ ದಾಟಿ ಮೂರು ಮೀಟರ್‌ಗೂ ಜಾಸ್ತಿ ಬಾಡಿ ಇರತ್ತೆ, ಮುಂದೆ ಎಡಕ್ಕೆ ತಿರುಗಿಸಿದ್ರೆ ಹಿಂಭಾಗ ಬಲಕ್ಕೆ ಬೀಸ್ಕೊಂಡ್ ಹೋಗತ್ತೆ, ಅಲ್ಲಿ ಕಾಂಪೌಂಡು ಕಂಬ ಏನಿದ್ರೂ ಹೋಯ್ತು. ಹಳ್ಳಕ್ಕೆ ಇಳಿದು ಹತ್ತೋ ರಸ್ತೆ ಆದ್ರೆ ಆ ಬಾಲನೇ ನೆಲಕ್ಕೆ ಉಜ್ಜತ್ತೆ. ರಸ್ತೆ ಮೇಲೆ ಉದ್ದಕ್ಕೆ ಗೆರೆ ಎಳೆದಂಗೆ ಗೀರು ಬಿದ್ದಿರೋದು ನೋಡಿದ್ರೆ ಅರ್ಥ ಮಾಡ್ಕೊಳಿ, ಯಾವ್ದೋ ಉದ್ದನೆ ಗಾಡಿ ಇಲ್ಲಿ ಒದ್ದಾಡಿದೆ. ನಾವ್ ಹೋದ ರಸ್ತೇಲಿ ಎರಡು ಕಡೆ ಇತ್ತು ಆ ಗೀರು.

ಹಂಗಾಗಿ ಮೂರು ದಾರಿ ಉಳೀತು. ದೊಡ್ಡ ಬಸ್ಸಲ್ಲಿ ಹೈವೇ ತನಕ ಹೋಗಿ ಅಲ್ಲಿಂದ ಸಣ್ಣ ಗಾಡೀಲಿ ಟ್ರಿಪ್ ಹೊಡ್ಸೋದು, ಇಪ್ಪತ್ತೈದು ಮೂವತ್ತು ಸೀಟಿನ ನಡುವಿನ ಸೈಜಿನ ಬಸ್ ಒಂದು, ಇಲ್ಲಾ ಎರಡು ಮಿನಿಬಸ್. ಮೊದಲ್ನೇದ್ರಲ್ಲಿ ಮೂಟೆ ಇಳ್ಸು ಹತ್ತಿಸು ಅಂತ ಅರ್ಧ ದಿನ ಹೋಗತ್ತೆ. ನಡುವಿನ ಸೈಜು ನಂಗೆ ಇಷ್ಟ ಇತ್ತು, ಸೇತುವೆಗೂ ಪರವಾಗಿಲ್ಲ ಅನ್ನೋ ಹಂಗಿತ್ತು, ಆದ್ರೆ ಆ ತಿರುವು ಆಗ್ತಿರ್ಲಿಲ್ಲ. ಎರಡು ಮಿನಿಬಸ್ ಅಂದ್ರೆ ಇಬ್ರು ಡ್ರೈವರು, ಎರಡು ಡೀಸೆಲ್ ಖರ್ಚು, ಜಾಸ್ತಿನೇ ಆಗತ್ತೆ. ಆದ್ರೆ ಒಂದು ಕೆಟ್ರೆ ಇನ್ನೊಂದು ಇರತ್ತೆ ಅನ್ನೋ ಮಾತಿದ್ಯಲ್ಲ, ಹೈವೇ ಮೇಲೆ ಅದಕ್ಕೆ ಬೆಲೆ ಇಲ್ಲ, ಒಳಗಡೆ ಮೆಕ್ಯಾನಿಕ್ ಬರೋಕೆ ಅರ್ಧ ದಿನ ಹಿಡಿಯೋ ಕಡೆ ಅದಕ್ಕೇ ಬೆಲೆ. ಎರಡು ಮಿನಿಬಸ್ ಅಂತ ಆಯ್ತು.

ಇಲ್ಲಿ ಸೀಟಿನ ಲೆಕ್ಕ ಒಂದಿದೆ. ಹದಿನಾರು ಸೀಟು ಅಂದ್ರೆ ಹದಿನಾರು ಜನ, ಎರಡು ಗಾಡಿಗೆ ಮೂವತ್ತೆರಡು, ಸರಿಹೋಯ್ತಲ್ಲ ಅಂತ ನಮ್ ಲೆಕ್ಕದ ಮೇಷ್ಟ್ರು ಕೂಡ್ಸಿದ್ರು. ಆದ್ರೆ ಮಿನಿಬಸ್ಸಿಗೆ ದೊಡ್ಡ ಬಸ್ಸಿನ ತರ ಹೊಟ್ಟೆ ಕೆಳಗೆ ಡಿಕ್ಕಿ ಇರಲ್ಲ. ಎಲ್ಲಾ ಸೀಟೂ ತುಂಬಿದ್ರೆ ಬ್ಯಾಗು ನಡುವಿನ ದಾರೀಲೇ ಬರತ್ತೆ, ಏನಾದ್ರೂ ಆದ್ರೆ ಜನ ಇಳಿಯೋಕೆ ಇರೋದು ಅದೊಂದೇ ದಾರಿ. "ದಾರೀಲಿ ಬ್ಯಾಗ್ ಇಟ್ರೆ ನಾನು ಗಾಡಿ ತೆಗಿಯಲ್ಲ" ಅಂತ ಓನರ್ ಖಡಾಖಂಡಿತ ಹೇಳಿದ್ರು. ಅದಕ್ಕೆ ಮೊದಲೇ ಬರೋ ಜನ ಕಮ್ಮಿ ಮಾಡಿ, ಒಬ್ಬೊಬ್ರಿಗೆ ಒಂದೇ ಮೆತ್ತನೆ ಬ್ಯಾಗು ಅಂತ ರೂಲ್ ಹಾಕಿದ್ವಿ. ಗಟ್ಟಿ ಸೂಟ್‌ಕೇಸು ತಂದವರು ಇದ್ದೇ ಇದ್ರು, ಅವರ ಹೆಸ್ರು ಬರೆಯಲ್ಲ, ಓದ್ತಿರ್ತಾರೆ.

ಈಗ ಟೈಮಿನ ವಿಷ್ಯ, ಇದ್ರಲ್ಲೇ ಜಾಸ್ತಿ ಜಗಳ ಆಗಿದ್ದು. ನಮ್ ಪ್ಲಾನ್ ಹೆಂಗಿತ್ತು ಅಂದ್ರೆ ಬೆಳಿಗ್ಗೆ ಐದಕ್ಕೆ ಹೊರಟು, ಇಡೀ ದಿನ ಸುತ್ತಿ, ರಾತ್ರಿ ಹತ್ತು ಹನ್ನೊಂದಕ್ಕೆ ವಾಪಸ್. ಓನರ್ ಅದನ್ನ ನೋಡಿ "ಇದು ಎರಡು ದಿನದ ಕೆಲ್ಸ" ಅಂದ್ರು. ನಾವು ಐದಕ್ಕೆ ಹತ್ಬೇಕು ಅಂದ್ರೆ ಡ್ರೈವರು ಮೂರೂವರೆಗೆ ಎದ್ದಿರ್ಬೇಕು, ಗಾಡಿ ನೋಡ್ಬೇಕು, ಶೆಡ್ಡಿಂದ ಪಿಕಪ್ ಪಾಯಿಂಟಿಗೆ ಬರ್ಬೇಕು, ರಾತ್ರಿ ನಮ್ಮನ್ನ ಇಳಿಸಿ ಮತ್ತೆ ಶೆಡ್ಡಿಗೆ ಹೋಗ್ಬೇಕು. ಹತ್ತೊಂಬತ್ತು ಇಪ್ಪತ್ತು ಗಂಟೆ ಆಗೋಯ್ತು. ನಡುವೆ ನಾವು ಬೆಟ್ಟ ಹತ್ತುವಾಗ ಮಲಗ್ತಾರಲ್ಲ ಅಂದ್ರು ಒಬ್ರು. ಬಿಸಿಲಲ್ಲಿ ನಿಂತಿರೋ ಗಾಡಿಯೊಳಗೆ ಸೀಟ್ ಮೇಲೆ ಒಂದ್ ಗಂಟೆ ಕಣ್ಣು ಮುಚ್ಚೋದೂ ನಿದ್ದೆನಾ? ಕತ್ಲಲ್ಲಿ ಇಕ್ಕಟ್ಟು ರಸ್ತೇಲಿ ನಮ್ಮೆಲ್ರ ಜೀವ ಹಿಡ್ಕೊಂಡು ಕೂತಿರೋನು ಅವನೊಬ್ಬನೇ.

ವಾದ ಮುಗೀದೇ ಇದ್ದಾಗ ಬೇರೆ ಕಡೆ ಕಾನೂನು ಏನಿದೆ ಅಂತ ಹುಡ್ಕಿ ಗುಂಪಿಗೆ ಹಾಕ್ದೆ. ಯುರೋಪಲ್ಲಿ ನಾಲ್ಕೂವರೆ ಗಂಟೆ ಓಡಿಸಿದ್ರೆ 45 ನಿಮಿಷ ನಿಲ್ಲಿಸ್ಲೇಬೇಕು, ದಿನಕ್ಕೆ ಸ್ಟೇರಿಂಗ್ ಹಿಡಿಯೋದು 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10, ಇದನ್ನೆಲ್ಲ ಗಾಡೀಲಿರೋ ಟ್ಯಾಕೋಗ್ರಾಫ್ ಅನ್ನೋ ಮೆಷಿನ್ನು ಬರ್ಕೊಳ್ತಾ ಇರತ್ತೆ. ಅಮೆರಿಕದಲ್ಲಿ ಪ್ಯಾಸೆಂಜರ್ ಬಸ್ಸಿಗೆ 8 ಗಂಟೆ ರೆಸ್ಟ್ ಆದ್ಮೇಲೆ 10 ಗಂಟೆ ಡ್ರೈವಿಂಗು, ಡ್ಯೂಟಿಗೆ ಬಂದು 15 ಗಂಟೆ ಕೆಲ್ಸ ಆದ್ಮೇಲೆ ಸ್ಟೇರಿಂಗ್ ಮುಟ್ಟಂಗಿಲ್ಲ. ಭಾರತದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೇಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲ್ಸಕ್ಕೆ ಅರ್ಧ ಗಂಟೆ ವಿಶ್ರಾಂತಿ ಅಂತ ಬರೆದಿದ್ರು. ಯಾವ ಕಾನೂನು ತಗೊಂಡ್ರೂ ನಮ್ ಪ್ಲಾನ್ ಪಾಸಾಗ್ತಿರ್ಲಿಲ್ಲ. ಗುಂಪು ತಣ್ಣಗಾಯ್ತು, ಒಂದು ರಾತ್ರಿ ಅಲ್ಲೇ ಉಳಿಯೋದು ಅಂತ ಆಯ್ತು.

ಮ್ಯಾಪ್ ತೋರ್ಸೋ ಟೈಮನ್ನೂ ನಂಬ್ಬೇಡಿ, ಅದು ಕಾರಿನ ಟೈಮು. ಒಳ ರಸ್ತೇಲಿ ಮಿನಿಬಸ್ಸು ಗಂಟೆಗೆ ಮೂವತ್ತು ಕಿಲೋಮೀಟರ್ ಹೋದ್ರೆ ಅದೇ ದೊಡ್ಡದು. ಜೊತೆಗೆ ಇಷ್ಟು ಜನ ಒಂದ್ಸಲ ಇಳಿದು ಹತ್ತೋಕೆ, ಟಾಯ್ಲೆಟ್ ಇರೋದು ಒಂದೋ ಎರಡೋ ಆದ್ರೆ, ಅರ್ಧ ಗಂಟೆ ಲೆಕ್ಕ ಹಾಕ್ಕೊಳಿ, ಹತ್ತು ನಿಮಿಷದ ಬ್ರೇಕ್ ಅನ್ನೋದು ಬರೀ ಬಾಯಿ ಮಾತು.

ರೇಟಿನ ವಿಷ್ಯಕ್ಕೆ ಬಂದ್ರೆ, ಮೊದಲ್ನೇ ಟ್ರಾವೆಲ್ಸ್‌ನವರದ್ದು ನೋಡೋಕೆ ಕಮ್ಮಿ ಇತ್ತು. ಬಿಡಿಸಿ ಕೇಳಿದಾಗ ಗೊತ್ತಾಗಿದ್ದು ಅದ್ರಲ್ಲಿ ಟೋಲ್ ಇಲ್ಲ, ಪಾರ್ಕಿಂಗ್ ಇಲ್ಲ, ಡ್ರೈವರ್ ಬಾಟಾ ಇಲ್ಲ, ರಾತ್ರಿ ಹಾಲ್ಟ್ ಬೇರೆ, ಕಿಲೋಮೀಟರ್ ಎಣಿಸೋದು ನಮ್ ಪಿಕಪ್ಪಿಂದ ಅಲ್ಲ ಅವರ ಶೆಡ್ಡಿಂದ ಶೆಡ್ಡಿಗೆ, ಆ ಶೆಡ್ ಇರೋದು ಊರಿನ ಇನ್ನೊಂದು ತುದೀಲಿ. ಶೆಡ್ಡಿಂದ ಎಣಿಸೋದು ತಪ್ಪಲ್ಲ, ಖಾಲಿ ಬಂದ್ರೂ ಡೀಸೆಲ್ ಸುಡತ್ತೆ, ಎಲ್ರೂ ಹಂಗೇ ಮಾಡೋದು, ಆದ್ರೆ ಮೊದಲೇ ಹೇಳ್ಬೇಕು. ನಾನ್ ಇಬ್ರಿಗೂ ಒಂದೇ ಪಟ್ಟಿ ಕಳಿಸಿ ಇದೆಲ್ಲ ಸೇರಿಸಿ ಒಂದು ಮೊತ್ತ ಬರೆದು ಕಳಿಸಿ ಅಂದೆ. ಎಕ್ಸ್‌ಟ್ರಾ ಗಂಟೆಗೆ ಏನು, ಗಾಡಿ ಕೆಟ್ರೆ ಬದಲಿ ಗಾಡಿ ಯಾರ ಖರ್ಚು, ನಾವೇ ಕ್ಯಾನ್ಸಲ್ ಮಾಡಿದ್ರೆ ಅಡ್ವಾನ್ಸಲ್ಲಿ ಎಷ್ಟು ವಾಪಸ್ಸು, ಅದೂ ಬರೀಲಿ ಅಂದೆ. ಹಂಗೆ ನೋಡಿದ್ರೆ ಇಬ್ರದ್ದೂ ಹೆಚ್ಚೂ ಕಮ್ಮಿ ಅಲ್ಲಿಂದಲ್ಲಿಗೆ ಬಂತು. ಗಾಡಿ ಪೇಪರ್‌ಗಳ ಫೋಟೋನೂ ಕೇಳ್ದೆ, ಇನ್ಶೂರೆನ್ಸು, ಬಾಡಿಗೆ ಪರ್ಮಿಟ್ಟು, ಡ್ರೈವರ್ ಲೈಸೆನ್ಸು. ಸ್ವಂತ ಗಾಡಿ ಅಂತ ರಿಜಿಸ್ಟರ್ ಆಗಿರೋದನ್ನ ಬಾಡಿಗೆಗೆ ಬಿಡೋರು ಇದ್ದಾರೆ, ಏನಾದ್ರೂ ಆದ್ರೆ ಇನ್ಶೂರೆನ್ಸ್ ಕಂಪ್ನಿ ಕೈ ಎತ್ತತ್ತೆ. ಕೇಳೋಕೆ ಸಂಕೋಚ ಪಡೋ ಅಗತ್ಯನೇ ಇಲ್ಲ, ಸರಿಯಾಗಿರೋರು ಬೇಜಾರೂ ಮಾಡ್ಕೊಳಲ್ಲ, ಇವರಂತೂ ಕೇಳೋಕೆ ಮುಂಚೆನೇ ಕಳಿಸಿದ್ರು.

ಡ್ರೈವರ್‌ಗಳು ಉಳಿಯೋ ರೂಮು ನಾವೇ ನೋಡ್ಬೇಕಿತ್ತು. ಗುಂಪಲ್ಲಿ "ಅವರು ಬಸ್ಸಲ್ಲೇ ಮಲಗ್ತಾರಲ್ವಾ" ಅನ್ನೋ ಮಾತು ಬಂತು. ನಾವ್ ಉಳಿದ ಮನೇಲೇ, ಗಲಾಟೆ ಇಲ್ದೇ ಇರೋ ಹಿಂದಿನ ರೂಮು ಅವರಿಗೆ ಕೊಡ್ಸಿದ್ವಿ. ರಾತ್ರಿ ಹಾಡು ಹರಟೆ ಇದ್ದೇ ಇರತ್ತೆ, ಅದು ಅವರ ಕಿವಿಗೆ ಬೀಳ್ಬಾರ್ದು.

ಹೊರಟ ದಿನ ಎಲ್ಲಾ ಸುಸೂತ್ರ, ಒಬ್ರು ಲೇಟು, ಅದು ಇದ್ದಿದ್ದೇ. ಮಿನಿಬಸ್ಸಿನ ಮೊದಲ್ನೇ ಮೆಟ್ಲು ನೆಲದಿಂದ ಎತ್ತರ ಇರತ್ತೆ, ಮಂಡಿ ನೋವಿರೋರಿಗೆ ಹತ್ತೋದೇ ಕಷ್ಟ. ಓನರು ಸೀಟಿನ ಕೆಳಗಿಂದ ಒಂದು ಗಟ್ಟಿ ಮರದ ಡಬ್ಬ ತೆಗೆದು ಮೆಟ್ಲಿನ ಮುಂದಿಟ್ರು, ಅಡಿಗೆ ಹಳೇ ಟಯರಿನ ಪಟ್ಟಿ ಮೊಳೆ ಹೊಡೆದು ಕೂರ್ಸಿದ್ರು ಜಾರ್ದೇ ಇರ್ಲಿ ಅಂತ. ಪ್ರತಿ ಸ್ಟಾಪಲ್ಲೂ ತಾವೇ ಇಳಿದು ಅದನ್ನ ಇಡೋರು, ಎಲ್ರೂ ಹತ್ತಿದ್ಮೇಲೆ ಕಾಲಲ್ಲಿ ಒಳಗೆ ತಳ್ಳೋರು. ವಾಂತಿ ಆಗೋರ್ನ ಮೊದಲೇ ಕೇಳಿ ಮುಂದಿನ ಸೀಟಿಗೆ ಹಾಕಿದ್ವಿ, ಕೊನೇ ಸೀಟು ಹಿಂದಿನ ಚಕ್ರದಿಂದಾಚೆ ಇರೋದ್ರಿಂದ ಅಲ್ಲಿ ಕುಲುಕಾಟ ಜಾಸ್ತಿ, ಅಲ್ಲಿಗೆ ಹುಡುಗ್ರು.

ಎರಡು ಗಾಡಿ ಅಂದ್ಮೇಲೆ ತಪ್ಪಿಸ್ಕೊಳೋ ತಲೆನೋವು ಇರತ್ತೆ, ಒಳಗೆ ಹೋದ್ಮೇಲೆ ಫೋನ್ ಸಿಗ್ನಲ್ಲೂ ಇಲ್ಲ. ಅಣ್ಣ ತಮ್ಮ ಅವರವರಲ್ಲೇ ಒಂದು ಪದ್ಧತಿ ಇಟ್ಕೊಂಡಿದ್ರು, ರಸ್ತೆ ಎರಡಾಗಿ ಒಡೆಯೋ ಕಡೆ ಎಲ್ಲಾ ಮುಂದಿನ ಗಾಡಿ ನಿಲ್ಬೇಕು, ಹಿಂದಿನದು ಕನ್ನಡೀಲಿ ಕಾಣೋ ತನಕ ಹೊರಡಂಗಿಲ್ಲ. ತಲೆ ಎಣಿಸೋದು ಆಯಾ ಗಾಡೀಲಿ ಒಬ್ಬೊಬ್ರು, ಗಾಡಿ ಬದಲಾಯಿಸೋ ಹಂಗಿಲ್ಲ. ಫ್ರೆಂಡ್ ಪಕ್ಕ ಕೂರ್ತೀನಿ ಅಂತ ಒಂದು ಹುಡ್ಗಿ ಹೇಳ್ದೇ ಕೇಳ್ದೇ ಆ ಗಾಡಿ ಹತ್ತಿ, ಈ ಗಾಡೀಲಿ ನಾವು ಅವಳ ಹೆಸ್ರು ಕೂಗ್ತಾ ಕೂತಿದ್ದು ಒಂದಾಯ್ತು.

ಆ ಇಕ್ಕಟ್ಟು ತಿರುವಲ್ಲೇ ಎದುರುಗಡೆಯಿಂದ ಹುಲ್ಲು ತುಂಬ್ಕೊಂಡು ಟ್ರ್ಯಾಕ್ಟರ್ ಬಂತು. ನಾವ್ ಒಳಗೆ ಕೂತು ಹಾರ್ನ್ ಹೊಡಿಬಹುದು ಅಂದ್ಕೊಂಡ್ರೆ, ಓನರ್ ಇಂಜಿನ್ ಆಫ್ ಮಾಡಿ ಇಳಿದು ಹೋಗಿ ಟ್ರ್ಯಾಕ್ಟರ್‌ನವನ ಹತ್ರ ಮಾತಾಡ್ತಾ ನಿಂತ್ರು. ಟ್ರೇಲರ್ ಕಟ್ಟಿರೋ ಟ್ರ್ಯಾಕ್ಟರ್ ರಿವರ್ಸ್ ಹೋಗೋದು ಬಲು ಕಷ್ಟ, ಹಿಂದಕ್ಕೆ ಹೋಗ್ಬೇಕಾದವರು ನಾವೇ. ತಮ್ಮ ಮೊದಲು ಹಿಂದಕ್ಕೆ, ಆಮೇಲೆ ಅಣ್ಣ, ಒಬ್ಬ ಹುಡ್ಗ ಹಿಂದೆ ನಿಂತು ಕೈ ತೋರಿಸ್ತಾ. "ನಿನ್ ಮುಖ ನನ್ ಕನ್ನಡೀಲಿ ಕಾಣ್ತಿರ್ಬೇಕು, ಕಾಣ್ಲಿಲ್ಲ ಅಂದ್ರೆ ನಾನ್ ನಿಂತ್ಬಿಡ್ತೀನಿ" ಅಂತ ಅವನಿಗೆ ಹೇಳಿದ್ರು. ಹೊಲದ ದಾರಿ ಸೇರೋ ಕಡೆ ಒಂದಿಷ್ಟು ಜಾಗ ಇತ್ತು, ಅಲ್ಲಿ ಒತ್ತರಿಸಿ ನಿಂತ್ವಿ, ಟ್ರ್ಯಾಕ್ಟರ್ ಉಜ್ಕೊಂಡು ಹೋಯ್ತು, ಕಿಟಕಿ ತುಂಬಾ ಹುಲ್ಲು. ಇಷ್ಟು ಹೊತ್ತು ಇಬ್ರ ದನಿನೂ ಏರ್ಲಿಲ್ಲ, ಅದೇ ನಂಗೆ ಆಶ್ಚರ್ಯ.

ಊರು ಸೇರಿದಾಗ ಮೋಡ ಕಟ್ಟಿತ್ತು. ಮನೆ ಎದ್ರುಗಡೆ ಒಳ್ಳೇ ಹುಲ್ಲಿನ ಬಯಲು, ಅಲ್ಲೇ ನಿಲ್ಲಿಸಿದ್ರೆ ಬಾಗ್ಲಿಗೇ ಇಳೀಬಹುದು. ಓನರ್ ಇಳಿದು ಹಿಮ್ಮಡಿಯಿಂದ ನೆಲ ಒತ್ತಿ ನೋಡಿ ಬೇಡ ಅಂದ್ರು, ಮಳೆ ಬಂದ್ರೆ ಚಕ್ರ ಹೂತೋಗತ್ತೆ, ಎಳೆಯೋಕೆ ಅದೇ ಟ್ರ್ಯಾಕ್ಟರ್‌ನ ಕರೀಬೇಕು ಅಂತ. ಸ್ವಲ್ಪ ದೂರದಲ್ಲಿ ಜಲ್ಲಿ ಹಾಕಿದ ಜಾಗದಲ್ಲಿ ಮೂತಿ ರಸ್ತೆ ಕಡೆ ಮಾಡಿ ನಿಲ್ಲಿಸಿದ್ರು, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಕತ್ಲಲ್ಲಿ ತಿರುಗಿಸ್ತಾ ಕೂರ್ಬಾರ್ದು ಅಂದ್ರು. ಬ್ಯಾಗ್ ಹೊತ್ಕೊಂಡು ನಡಿಯೋದಾಯ್ತು, ಗೊಣಗಾಟ ಜೋರಾಗೇ ಇತ್ತು. ಮಳೆ ಬರ್ಲೂ ಇಲ್ಲ, ಯಾರಿಗೂ ಹುಷಾರೂ ತಪ್ಲಿಲ್ಲ. ಈಗ್ಲೂ ಒಂದಿಬ್ರು ಅದನ್ನ ಹೇಳ್ಕೊಂಡು ನಗ್ತಾರೆ. ನಗ್ಲಿ ಬಿಡಿ, ಮುಂದಿನ ಸಲನೂ ನಾನು ಜಲ್ಲಿ ಮೇಲೇ ನಿಲ್ಸಿ ಅಂತೀನಿ.

ವಾಪಸ್ ಬಂದ್ಮೇಲೆ ಬಿಲ್ಲು. ಹೊರಡೋವಾಗ ಮೀಟರ್ ಫೋಟೋ ತೆಗೆದಿದ್ದೆ, ಇಳಿದಾಗ ಇನ್ನೊಂದು, ಶೆಡ್ಡಿಂದ ಪಿಕಪ್ಪಿಗೆ ಎಷ್ಟು ಅಂತ ಮೊದಲೇ ಬರೆದಿತ್ತು, ಹಂಗಾಗಿ ಮಾತುಕತೆನೇ ಇರ್ಲಿಲ್ಲ. ವೆಯ್ಟಿಂಗ್ ಚಾರ್ಜ್ ಅನ್ನೋ ಸಾಲು ಖಾಲಿ ಇತ್ತು, ಬಿಟ್ಟೋಗಿದ್ಯಾ ಅಂತ ಕೇಳ್ದೆ. "ನೀವ್ ಬೆಟ್ಟ ಹತ್ತಿದ್ರಿ, ನಾವ್ ಮರದ ಕೆಳಗೆ ಮಲಗಿದ್ವಿ, ಅದಕ್ಕೂ ದುಡ್ಡಾ ಮೇಡಂ" ಅಂದ್ರು. ತಲಾ ಎಷ್ಟು ಅಂತ ಭಾಗ ಹಾಕೋವಾಗ ಮಾತ್ರ ಹಿಂದಿನ ದಿನ ಕೈ ಕೊಟ್ಟವರ ವಿಷ್ಯ ಬಂತು. ಬರ್ದೇ ಇದ್ರೆ ಯಾಕೆ ಕೊಡ್ಬೇಕು ಅನ್ನೋದು ಅವರ ವಾದ, ಜನ ಕಮ್ಮಿ ಆದ್ರೆ ಗಾಡಿ ಬಾಡಿಗೆ ಕಮ್ಮಿ ಆಗಲ್ಲ ಅನ್ನೋದು ನಮ್ ವಾದ. ಇನ್ಮೇಲೆ ಹೆಸ್ರು ಬರ್ಸೋವಾಗ್ಲೇ ಪೂರ್ತಿ ದುಡ್ಡು ತಗೊಳೋದು ಅಂತ ತೀರ್ಮಾನ ಆಗಿದೆ, ಸದ್ಯಕ್ಕೆ ಇನ್ನೂ ಇಬ್ರಿಂದ ಬರ್ಬೇಕು, ಮೆಸೇಜ್ ನೋಡಿದಾರೆ, ಉತ್ತರ ಇಲ್ಲ.